ಒಂದು ಬೆರಳು ಹೆಚ್ಚಿನ ಎತ್ತರ

ಅಂದು ಸಂಜೆ ಗ್ಯಾರೇಜಿನ ಬೀಗದ ಕೈ ಮೇಸ್ತ್ರಿಯ ಜೇಬಿನಿಂದ ಅವನ ಭಾವಮೈದುನನ ಜೇಬಿಗೆ ಹೋಗಬೇಕಾಗಿತ್ತು. ಹಾಗೆಂದು ಮೇಸ್ತ್ರಿಯೇ ಮಾತು ಕೊಟ್ಟಿದ್ದ. ಯಾರ ಬಲವಂತವೂ ಇರಲಿಲ್ಲ. ಬಲವಂತವೇನಾದರೂ ಇದ್ದರೆ ಅದು ಅವನ ಬಲಭುಜದ್ದು. ವರ್ಷಗಟ್ಟಲೆ ಕಾರುಗಳ ಹೊಟ್ಟೆಯಡಿಯಲ್ಲಿ ಕತ್ತೆತ್ತಿ, ಕೈಯೆತ್ತಿ ದುಡಿದಿದ್ದ ಆ ಭುಜ ಈಗ ಅಂಗಿಯ ತೋಳಿಗೂ ಬಾಗುತ್ತಿರಲಿಲ್ಲ. ಬೆಳಿಗ್ಗೆ ಹೆಂಡತಿ ಎದುರು ನಿಂತು, ಶಾಲೆಗೆ ಹೊರಟ ಮಗುವಿಗೆ ತೊಡಿಸುವಂತೆ, ತೋಳನ್ನು ಒಂದೊಂದಾಗಿ ತೂರಿಸಬೇಕಾಗಿತ್ತು. ಕೈಯನ್ನು ತಲೆಯ ಮಟ್ಟಕ್ಕಿಂತ ಮೇಲೆತ್ತಕೂಡದು ಎಂದು ಡಾಕ್ಟರು ಹೇಳಿದ್ದರು. ತಲೆಯ ಮೇಲೆ ಕೈಯೆತ್ತದೆ ಕಾರಿನಡಿಯಲ್ಲಿ ಮಾಡುವ ಕೆಲಸ ಯಾವುದಿದೆ ಎಂದು ಕೇಳಬೇಕೆನಿಸಿತ್ತು. ಕೇಳಿ ಫಲವಿಲ್ಲವೆಂದು ಸುಮ್ಮನೆ ಎದ್ದು ಬಂದಿದ್ದ.

"ಸಾಕಾಗಿದೆ ಕಣೇ," ಎಂದು ಡಾಕ್ಟರನ್ನು ಕಂಡು ಬಂದ ರಾತ್ರಿ ಊಟದ ತಟ್ಟೆಯ ಮುಂದೆ ಹೇಳಿದ್ದ.

ಹೆಂಡತಿ ಗ್ಯಾರೇಜಿನ ಮೇಲಿನ ಮನೆಯಲ್ಲಿಯೇ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ಬಾಯಲ್ಲಿದ್ದ ದಾರವನ್ನು ಕಚ್ಚಿ ತುಂಡರಿಸಿ, "ಸಾಕಾಗಿದ್ರೆ ಬಿಡ್ರೀ. ನನ್ನ ತಮ್ಮನೇನು ಕೈಲಾಗದವನಾ? ನೀವಾಗಿ ಜಾಗ ಬಿಟ್ಟುಕೊಟ್ರೆ ತಾನೇ ಅವನು ಮುಂದೆ ಬರೋದು?" ಎಂದಿದ್ದಳು.

ಕೈಲಾಗದವನೇನಲ್ಲ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಸಿಡಿಮಿಡಿಗುಟ್ಟುತ್ತ ಬಂದ ಗಿರಾಕಿ ಅವನೊಡನೆ ಎರಡು ಮಾತಾಡಿದರೆ ನಗುತ್ತ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ಕಾರನ್ನು ಅಷ್ಟೆತ್ತರಕ್ಕೆ ಎತ್ತುವ ಎರಡು ಕಂಬದ ಲಿಫ್ಟನ್ನು ಹಟ ಹಿಡಿದು ತರಿಸಿದವನೂ ಅವನೇ. ಅದಕ್ಕೆ ಮೊದಲು ಆ ಗ್ಯಾರೇಜಿನಲ್ಲಿದ್ದುದು ಒಂದು ಗುಂಡಿ. ಕಾರು ತನ್ನ ನಾಲ್ಕು ಚಕ್ರಗಳ ಮೇಲೆಯೇ ಗುಂಡಿಯ ಮೇಲೆ ಬಂದು ನಿಲ್ಲುತ್ತಿತ್ತು; ಮೇಸ್ತ್ರಿ ಮೆಟ್ಟಿಲಿಳಿದು ಅದರಡಿಯಲ್ಲಿ ನಿಂತು ಕೆಲಸ ಮಾಡುತ್ತಿದ್ದ. ಲಿಫ್ಟು ಬಂದ ಮೇಲೆ ಗುಂಡಿಯನ್ನು ಹಲಗೆ ಮುಚ್ಚಿತು. ಹಲಗೆಯ ಮೇಲೆ ಹಳೆಯ ಟೈರು, ತುಕ್ಕು ಹಿಡಿದ ಬಂಪರು, ಮುರಿದ ಕುರ್ಚಿ, ಎಲ್ಲವೂ ಬಂದು ಬಿದ್ದವು.

"ಈ ಕೆಂಪು ಕಾರು ಬಂದಿದೆಯಲ್ಲ, ಅದನ್ನ ನೀನೊಬ್ಬನೇ ಮಾಡಿ ಮುಗಿಸು. ನಾನು ಕೈ ಹಾಕೋದಿಲ್ಲ, ಬಾಯೂ ಹಾಕೋದಿಲ್ಲ," ಎಂದು ಮೇಸ್ತ್ರಿ ಭಾವಮೈದುನನಿಗೆ ಹೇಳಿದ್ದ. "ಅದು ನೆಟ್ಟಗೆ ಎದ್ದು ನಿಂತ ದಿನ ಬೀಗದ ಕೈ ನಿಂದು."

"ಬಾಯಿ ಹಾಕದೆ ಇರ್ತೀರಾ ಭಾವ? ಬಾಯಿಗೊಂದು ಬೀಗ ತರಿಸ್ಲಾ ಮೊದಲು?" ಎಂದು ಅವನು ನಕ್ಕಿದ್ದ.

ಕೆಂಪು ಕಾರು ಕನ್ನಡಿ ಅಂಗಡಿಯವನದು. ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. ಕೊಂಡ ಹೊಸದರಲ್ಲಿ ಅವನು ಅದನ್ನು ಇನ್ನೆಲ್ಲೋ ಕೊಟ್ಟು ತಗ್ಗಿಸಿಕೊಂಡಿದ್ದ. ತಗ್ಗಿಸುವುದೆಂದರೆ ದೊಡ್ಡ ವಿದ್ಯೆಯೇನಲ್ಲ: ಸ್ಪ್ರಿಂಗಿನ ಸುರುಳಿಗಳನ್ನು ಗ್ರೈಂಡರಿನಿಂದ ಕತ್ತರಿಸಿ ಎಸೆದರಾಯಿತು, ಕಾರು ಕುಸಿದು ನೆಲಕ್ಕೆ ಹೊಟ್ಟೆಯೂರುತ್ತದೆ. ಬುದ್ಧಿಯುಳ್ಳವರು ಲೆಕ್ಕ ಹಾಕಿ, ಪರೀಕ್ಷೆ ಮಾಡಿ, ಮನುಷ್ಯರ ಜೀವವನ್ನು ನೆನೆದು ನಿಗದಿಪಡಿಸಿದ ಎತ್ತರವನ್ನು ಅರ್ಧ ಗಂಟೆಯಲ್ಲಿ ಕತ್ತರಿಸಿ ಎಸೆಯುವುದಕ್ಕೆ ನಮ್ಮ ಕಾಲ ಶೋಕಿ ಎಂದು ಹೆಸರಿಟ್ಟಿದೆ. ಹಾಗೆ ಕತ್ತರಿಸಿಕೊಡುವವನನ್ನು ಯಾರೂ ತಡೆಯುವುದಿಲ್ಲ. ಕತ್ತರಿಸಿಕೊಂಡವನನ್ನು ಬೀದಿಯ ಜನ ತಿರುಗಿ ನೋಡಿ ಮೆಚ್ಚುತ್ತಾರೆ. ಆ ಮೆಚ್ಚುಗೆಯ ಕಂದಾಯವನ್ನು ಕಟ್ಟುವುದು ಮಾತ್ರ ಕಾರಿನಡಿಯ ಮೂಕ ಕಬ್ಬಿಣ. ಪ್ರತಿ ರಸ್ತೆಯುಬ್ಬಿಗೂ ಶಾಕ್ ಅಬ್ಸಾರ್ಬರುಗಳು ತಳ ಮುಟ್ಟಿ ಮುಟ್ಟಿ ಎಣ್ಣೆ ಕಾರಿಕೊಂಡಿದ್ದವು. ಹೊಡೆತ ತಾಳಬೇಕಾದ ರಬ್ಬರುಗಳು ಪುಡಿಯಾಗಿದ್ದವು. ಚಕ್ರವನ್ನು ಹಿಡಿದಿಡುವ ಕೆಳತೋಳುಗಳ ಕೀಲುಗಳು ಸವೆದು ಲೊಡಲೊಡ ಎನ್ನುತ್ತಿದ್ದವು.

ಈಗ ಎತ್ತರ ಮರಳಿ ಬೇಕಾದುದು ಕನ್ನಡಿ ಅಂಗಡಿಯವನಿಗಲ್ಲ, ಅವನ ತಾಯಿಗೆ. ಆಕೆ ಒಂದು ಹಾಸ್ಟೆಲಿನಲ್ಲಿ ನೂರಾರು ಹುಡುಗರಿಗೆ ಅಡುಗೆ ಮಾಡಿ ಹಾಕಿ ನಿವೃತ್ತಳಾದವಳು. ಸ್ಥೂಲಕಾಯ, ಎರಡೂ ಮಂಡಿ ಹೋಗಿದ್ದವು. ವಾರದಲ್ಲಿ ಹಲವು ಸಲ ಮಂಡಿಯ ಚಿಕಿತ್ಸೆಗೆ, ಮೇಲುಸೇತುವೆ ಹತ್ತಿ ಇಳಿದು, ಊರಾಚೆಯ ಆಸ್ಪತ್ರೆಗೆ ಹೋಗಬೇಕಾಗಿತ್ತು. ಮಗನೇ ಕರೆದೊಯ್ಯಬೇಕು, ಇರುವುದು ಅದೊಂದೇ ಕಾರು.

"ಕಾರಾ ಇದು? ಬಾವಿ!" ಎಂದು ಮೊದಲ ದಿನ ಬಂದಾಗಲೇ ಆಕೆ ಮೇಸ್ತ್ರಿಗೆ ಹೇಳಿದ್ದಳು. "ಹತ್ತೋದು ಅಂತ ಇಲ್ಲವೇ ಇಲ್ಲಪ್ಪ ಇದಕ್ಕೆ, ಇಳಿಯೋದೇ. ಆಸ್ಪತ್ರೆ ಬಂದ ಮೇಲೆ ನನ್ನ ಮೇಲಕ್ಕೆ ಸೇದೋಕೆ ಇಬ್ಬರು ಆಳು ಬೇಕು."

ಕಾರು ಎದ್ದು ನಿಲ್ಲುವ ದಿನ ಬಂದೇ ಬಂತು. ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು, ಹೊಸ ಬುಷ್ಷುಗಳನ್ನು ಹಾಕಿ ಭಾವಮೈದುನ ಕಾರನ್ನು ಲಿಫ್ಟಿನಿಂದ ಕೆಳಗಿಳಿಸಿದಾಗ ಮಧ್ಯಾಹ್ನದ ಬಿಸಿಲು ಶಟರಿನೊಳಕ್ಕೆ ಅರ್ಧ ಬಂದಿತ್ತು. ತಾಯಿ ಮಗ ಇಬ್ಬರೂ ಬಂದಿದ್ದರು. ಮೇಸ್ತ್ರಿ ಮೂಲೆಯ ಬೆಂಚಿನ ಮೇಲೆ, ಮಾತು ಕೊಟ್ಟಿದ್ದಂತೆ ಬಾಯಿ ಮುಚ್ಚಿಕೊಂಡು, ಭುಜಕ್ಕೆ ಎಡಗೈ ಒತ್ತಿಕೊಂಡು ಕುಳಿತಿದ್ದ. ಅವನ ಮನಸ್ಸಿನಲ್ಲಿದ್ದುದು ನಾಳೆಯ ಬೆಳಗು ಮಾತ್ರ: ಯಾರ ಕಾರೂ ಕಾಯದ, ಎದ್ದರೂ ಸರಿ ಮಲಗಿದರೂ ಸರಿ ಎನ್ನುವಂಥ ಒಂದು ಬೆಳಗು.

ತಾಯಿ ಬಾಗಿಲು ತೆರೆದು ಕುಳಿತಳು. ಕುಳಿತು, ಕೆಳಗೆ ನೋಡಿ, ಮತ್ತೆ ಎದ್ದು, ಮತ್ತೆ ಕುಳಿತಳು. ಆಕೆಯ ಮುಖ ಅರಳಿತು.

"ಅಯ್ಯೋ ಮಂಚದ ಮೇಲೆ ಕೂತ ಹಾಗಾಯ್ತಲ್ಲೋ! ನೋಡು, ಯಾರ ಕೈಯೂ ಹಿಡೀಲಿಲ್ಲ ನಾನು."

"ಅಂದ್ಕೊಂಡಿದ್ದಕ್ಕಿಂತ ಒಂದು ಬೆರಳು ಜಾಸ್ತಿನೇ ಎದ್ದಿದೆ ಸಾರ್," ಎಂದು ಭಾವಮೈದುನ ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವೆ ಕೈಯಿಟ್ಟು ತೋರಿಸಿದ. "ಕಂಪನಿಯವರೇ ನಾಚ್ಕೋಬೇಕು."

ಒಂದು ಬೆರಳು ಜಾಸ್ತಿ. ಆ ಮಾತು ಕಿವಿಗೆ ಬಿದ್ದಾಗ ಮೇಸ್ತ್ರಿಯ ಎಡಗೈ ಭುಜದ ಮೇಲೆಯೇ ನಿಂತುಬಿಟ್ಟಿತು. ಹೊಸ ಸ್ಪ್ರಿಂಗು ಅಳತೆಗೆ ತಕ್ಕ ಎತ್ತರ ಕೊಡುತ್ತದೆಯೇ ಹೊರತು ಬಕ್ಷೀಸು ಕೊಡುವುದಿಲ್ಲ. ಅವನು ಎದ್ದು ಬಂದು, ಎಡಗೈಯಿಂದ ಕಾರಿನ ಮೂತಿಯನ್ನು ಒಮ್ಮೆ ಒತ್ತಿ ಬಿಟ್ಟ. ಕಾರು ಸರಾಗವಾಗಿ ತಗ್ಗಿ ಏಳಲಿಲ್ಲ; ಒಲ್ಲದ ಮನಸ್ಸಿನಿಂದ ತಗ್ಗಿ, ಕಿರ್ರೆಂದು ಗೊಣಗಿ, ಹಟದಿಂದ ಎದ್ದು ನಿಂತಿತು.

"ಕೆಳತೋಳಿನ ಬೋಲ್ಟುಗಳನ್ನ ಯಾವಾಗ ಬಿಗಿ ಮಾಡಿದೆ?" ಎಂದು ಮೆಲ್ಲಗೆ ಕೇಳಿದ.

"ಲಿಫ್ಟಿನ ಮೇಲಿದ್ದಾಗಲೇ ಭಾವ. ಆರಾಮಾಗಿ ನಿಂತ್ಕೊಂಡು. ಅದಕ್ಕೇ ತಾನೇ ಲಿಫ್ಟು ತರಿಸಿದ್ದು?"

ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಬುಷ್ ಎಂಬುದು ಎರಡು ಕಬ್ಬಿಣದ ಕೊಳವೆಗಳ ನಡುವೆ ಸೇರಿಸಿದ ಒಂದು ರಬ್ಬರಿನ ಬಳೆ. ಬೋಲ್ಟನ್ನು ಬಿಗಿ ಮಾಡಿದ ಗಳಿಗೆಯಲ್ಲಿ ಚಕ್ರದ ತೋಳು ಯಾವ ಭಂಗಿಯಲ್ಲಿತ್ತೋ ಆ ಭಂಗಿಯೇ ರಬ್ಬರಿಗೆ ನೆಮ್ಮದಿಯ ಭಂಗಿ. ಕಾರು ನೆಲದ ಮೇಲೆ ತನ್ನ ಭಾರ ತಾನು ಹೊತ್ತು ನಿಂತಾಗ ಬಿಗಿದರೆ ಅದಕ್ಕೆ ಬಾಧೆಯಿಲ್ಲ. ಲಿಫ್ಟಿನ ಮೇಲೆ, ಚಕ್ರಗಳು ಜೋತುಬಿದ್ದಿರುವಾಗ ಬಿಗಿದರೆ, ಕೆಳಗಿಳಿದ ಕ್ಷಣದಿಂದ ಅದು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡೇ ಇರಬೇಕು. ಆ ತಿರುಚುವಿಕೆಯ ನೋವೇ ಕಾರನ್ನು ಒಂದು ಬೆರಳು ಮೇಲೆ ನೂಕುತ್ತದೆ. ಕೆಲವು ತಿಂಗಳಲ್ಲಿ ರಬ್ಬರು ಹರಿಯುತ್ತದೆ; ಹರಿದ ಮೇಲೆ ಚಕ್ರ ತನ್ನ ಇಷ್ಟ ಬಂದತ್ತ ಎಳೆಯುತ್ತದೆ. ತಾಯಿಗೆ ಹಿತವಾದ ಎತ್ತರದಲ್ಲಿ ಒಂದು ಬೆರಳಷ್ಟು ಅಪ್ಪಟ ಸುಳ್ಳಾಗಿತ್ತು.

ಇದನ್ನು ಅವನು ಭಾವಮೈದುನನಿಗೆ ಎಷ್ಟು ಸಲ ಹೇಳಿರಲಿಲ್ಲ! ಆದರೆ ಗುಂಡಿಯ ಕಾಲದಲ್ಲಿ ಆ ತಪ್ಪಿಗೆ ಆಸ್ಪದವೇ ಇರಲಿಲ್ಲ. ಕಾರು ಸದಾ ನಿಂತೇ ಇರುತ್ತಿತ್ತು, ಬಿಗಿದದ್ದೆಲ್ಲ ಸರಿಯಾಗಿಯೇ ಬಿಗಿಯುತ್ತಿತ್ತು. ಹೇಳಿದ ಮಾತು ಕಿವಿಯಲ್ಲಿ ಉಳಿಯಿತು, ಕೈಗೆ ಇಳಿಯಲಿಲ್ಲ.

ಹೇಳದಿದ್ದರೇನು? ಇದೊಂದು ಯೋಚನೆ, ದಣಿದ ಮನುಷ್ಯನ ಪಕ್ಕದಲ್ಲಿ ಬಂದು ಕೂರುವ ಹಳೆಯ ಗೆಳೆಯನಂತೆ, ಮೇಸ್ತ್ರಿಯ ಪಕ್ಕದಲ್ಲಿ ಬಂದು ನಿಂತಿತು. ಯಾರಿಗೂ ಕಾಣುವುದಿಲ್ಲ. ತಾಯಿಗೆ ಸಂತೋಷ, ಮಗನಿಗೆ ಸಮಾಧಾನ, ಭಾವಮೈದುನನಿಗೆ ಹೆಮ್ಮೆ. ಬೀಗದ ಕೈ ಕೊಟ್ಟು ಮೆಟ್ಟಿಲು ಹತ್ತಿದರೆ ಬಿಸಿನೀರಿನ ಚೀಲ, ಹಾಸಿಗೆ. ರಬ್ಬರು ಹರಿಯುವ ಹೊತ್ತಿಗೆ ಗ್ಯಾರೇಜು ತನ್ನದಲ್ಲ, ಹೊಣೆಯೂ ತನ್ನದಲ್ಲ. ಲೋಕದಲ್ಲಿ ನಡೆಯುವ ಅನ್ಯಾಯಗಳಲ್ಲಿ ದುಷ್ಟರು ಮಾಡುವುದು ಸ್ವಲ್ಪವೇ. ಉಳಿದುದನ್ನೆಲ್ಲ ಮಾಡುವವರು ಸುಸ್ತಾದ ಸಜ್ಜನರು. ಅವರು ಯಾರಿಗೂ ಕೇಡು ಬಗೆಯುವುದಿಲ್ಲ; ಇವತ್ತೊಂದು ದಿನ ಬಾಯಿ ತೆರೆಯದೆ ಮನೆಗೆ ಹೋಗಬೇಕೆಂದು ಬಯಸುತ್ತಾರೆ, ಅಷ್ಟೇ.

ತಾಯಿ ಕಾರಿನೊಳಗಿಂದ ಕೈ ಬೀಸಿ, "ಮೇಸ್ತ್ರಿ, ಇನ್ನು ಮೇಲುಸೇತುವೆ ಇಳಿಜಾರಲ್ಲೂ ನಾನು ರಾಣಿ ಹಾಗೆ ಕೂತ್ಕೋತೀನಿ," ಎಂದಳು.

ಮೇಲುಸೇತುವೆಯ ಇಳಿಜಾರು. ಮೇಸ್ತ್ರಿ ಉಸಿರೆಳೆದುಕೊಂಡ. ಪಕ್ಕದಲ್ಲಿ ನಿಂತಿದ್ದ ಆ ಹಳೆಯ ಗೆಳೆಯ ಹೊರಟು ಹೋದ.

"ಅಮ್ಮಾ, ಇವತ್ತು ಕಾರು ಹೋಗೋದಿಲ್ಲ."

ಭಾವಮೈದುನನ ಮುಖದಲ್ಲಿದ್ದ ನಗು ತಕ್ಷಣ ಹೋಗಲಿಲ್ಲ. ಏನೋ ತಮಾಷೆಯೆಂದು ಸ್ವಲ್ಪ ಹೊತ್ತು ಕಾಯಿತು. "ಭಾವ, ಏನದು?"

"ಎಲ್ಲ ಬೋಲ್ಟೂ ಸಡಿಲ ಮಾಡಿ, ನೆಲದ ಮೇಲೆ ನಿಲ್ಲಿಸ್ಕೊಂಡು ಮತ್ತೆ ಬಿಗಿಬೇಕು. ಕೂತವನ ಅಳತೆ ತಗೊಂಡು ನಿಂತವನಿಗೆ ಪ್ಯಾಂಟು ಹೊಲಿದ ಹಾಗಾಗಿದೆ. ನಿನ್ನ ಅಕ್ಕನ್ನ ಕೇಳು, ಅಂಥ ಪ್ಯಾಂಟು ಎಲ್ಲಿ ಹರಿಯತ್ತೆ ಅಂತ."

"ಅದೆಲ್ಲ ಗುಂಡಿ ಕಾಲದ ಮಾತು. ಈಗ ಯಾರು ಭಾವ ಹಾಗೆ ಮಾಡ್ತಾರೆ? ಸುತ್ತಮುತ್ತ ಇಷ್ಟು ಗ್ಯಾರೇಜು ಇವೆ, ಎಲ್ಲರೂ ಲಿಫ್ಟ್ ಮೇಲೇ ಬಿಗಿಯೋದು."

"ಎಲ್ಲರೂ ಮಾಡಿದ್ರೆ ರಬ್ಬರಿಗೆ ನೋವು ಕಮ್ಮಿ ಆಗತ್ತಾ?"

"ಬಾಯಿ ಹಾಕೋದಿಲ್ಲ ಅಂದಿದ್ರಿ."

"ಅಂದಿದ್ದೆ."

"ಗಿರಾಕಿ ಮುಂದೆನೇ ಹೇಳಬೇಕಿತ್ತಾ? ಆಮೇಲೆ ಒಳಗೆ ಕರೆದು ಹೇಳಿದ್ರೆ ಆಗ್ತಿರಲಿಲ್ವಾ?"

ಆ ಪ್ರಶ್ನೆಯಲ್ಲಿ ನ್ಯಾಯವಿತ್ತು. ಆಮೇಲೆ ಎಂದರೆ ಕಾರು ಹೋಗಿಬಿಟ್ಟಿರುತ್ತಿತ್ತು; ಒಮ್ಮೆ ಹೋದ ಕಾರನ್ನು ವಾಪಸು ಕರೆಯುವ ಧೈರ್ಯ ತನಗೆ ಇರುತ್ತಿರಲಿಲ್ಲ ಎಂಬುದು ಮೇಸ್ತ್ರಿಗೆ ಗೊತ್ತಿತ್ತು. ಭಾವಮೈದುನ ಕೈಯಲ್ಲಿದ್ದ, ಬೋಲ್ಟು ತಿರುಗಿಸುವ ಪಾನವನ್ನು ಬೆಂಚಿನ ಮೇಲೆ ಠಣ್ಣನೆ ಎಸೆದ. ಅದು ಉರುಳಿ ನೆಲಕ್ಕೆ ಬಿತ್ತು. "ನಿಮ್ಮ ಗ್ಯಾರೇಜು, ನಿಮ್ಮ ಗುಂಡಿ. ನೀವೇ ಇಳೀರಿ," ಎಂದು ಬೈಕು ಹತ್ತಿ ಹೊರಟುಹೋದ. ಹೆಲ್ಮೆಟ್ಟು ಗೋಡೆಯ ಮೊಳೆಯಲ್ಲಿಯೇ ಉಳಿಯಿತು.

"ಒಳ್ಳೆ ಜಗಳ," ಎಂದಳು ತಾಯಿ ಕಾರಿನಿಂದಿಳಿಯುತ್ತ. "ನಮ್ಮ ಹಾಸ್ಟೆಲಿನ ಅಡುಗೆಮನೆ ನೆನಪಾಯ್ತು."

ಹಲಗೆಯ ಮೇಲಿನ ಗುಜರಿಯನ್ನು ಮೇಸ್ತ್ರಿ ಎಡಗೈಯಿಂದ ಎಳೆದೆಳೆದು ಬದಿಗೆ ಹಾಕಿದ. ಕನ್ನಡಿ ಅಂಗಡಿಯವನು ಸ್ವಲ್ಪ ಹೊತ್ತು ನೋಡಿ, ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ, ಟೈರುಗಳಿಗೆ ಕೈಹಾಕಿದ. ಕಾರು ಗುಂಡಿಯ ಮೇಲೆ ಬಂದು ನಿಂತಿತು. ಮೇಸ್ತ್ರಿ ಮೆಟ್ಟಿಲಿಳಿದ. ಗುಂಡಿಯೊಳಗೆ ಹಳೆಯ ಎಣ್ಣೆಯ ವಾಸನೆ, ಜೇಡರ ಬಲೆ, ತಂಪು. ಇನ್ನೆಂದೂ ಇಲ್ಲಿಗಿಳಿಯುವುದಿಲ್ಲವೆಂದು ಅಂದುಕೊಂಡಿದ್ದ ಜಾಗ ಅವನನ್ನು ಏನೂ ಕೇಳದೆ ಒಳಗೆ ಬಿಟ್ಟುಕೊಂಡಿತು.

ಮೊದಲ ಬೋಲ್ಟಿಗೆ ಪಾನ ಹಾಕಿ ಎರಡೂ ಕೈಯಿಂದ ಎಳೆದಾಗ ಭುಜದಿಂದ ಮೊಣಕೈವರೆಗೆ ಬೆಂಕಿ ಹರಿಯಿತು. ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದ. ಢಬ್ ಎಂದು, ಕಟ್ಟು ಬಿಚ್ಚಿದ ಹಾಗೆ, ರಬ್ಬರು ಹಿಂದಕ್ಕೆ ತಿರುಗಿತು. ಕಾರಿನ ಮೂಲೆ ಕುಸಿಯಿತು.

"ಇಳೀತು! ಮೇಸ್ತ್ರಿ, ಇಳೀತಲ್ಲಾ!" ಎಂದು ಕನ್ನಡಿ ಅಂಗಡಿಯವನು ಮೇಲಿಂದ ಕೂಗಿದ, ಯಾರೋ ತನ್ನ ಜೇಬಿಗೆ ಕೈಹಾಕಿದಂತೆ.

"ಇಳಿಯಬೇಕಾದ್ದು ಇಳೀತು ಸ್ವಾಮಿ. ಉಳಿದಿರೋದು ನಿಜವಾದ ಎತ್ತರ."

ಎಡಗಡೆಯ ತೋಳಿಗೆ ಬಂದಾಗ ಮೇಸ್ತ್ರಿ ದೀಪವನ್ನು ಹತ್ತಿರ ಹಿಡಿದ. ಬಲಗಡೆಯ ತೋಳು ಹಳೆಯದು. ಮಣ್ಣು, ಎಣ್ಣೆ, ಉಜ್ಜಿದ ಗೀರುಗಳೊಂದಿಗೆ ತನ್ನ ವಯಸ್ಸನ್ನು ಮರೆಮಾಚದೆ ಇತ್ತು. ಎಡಗಡೆಯದು ಅಷ್ಟೇ ಹಳೆಯದು, ಆದರೆ ಕಪ್ಪು ಬಣ್ಣ ಹೊಡೆಸಿಕೊಂಡು ಮಿರಮಿರ ಮಿಂಚುತ್ತಿತ್ತು. ಒಂದೇ ಮನೆಯ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಹೊಸ ಬಟ್ಟೆ ಏಕೆ? ಬಟ್ಟೆಯ ಚಿಂದಿಯನ್ನು ಪೆಟ್ರೋಲಿನಲ್ಲಿ ಅದ್ದಿ ಉಜ್ಜಿದ. ಬಣ್ಣ ಕರಗಿತು, ಕೆಳಗೆ ಸುತ್ತಿಗೆಯ ಪೆಟ್ಟಿನ ಗುರುತು, ಅದರ ಪಕ್ಕದಲ್ಲಿ ಗಂಟುಗಂಟಾದ ವೆಲ್ಡಿಂಗು, ವೆಲ್ಡಿಂಗಿನ ಅಂಚಿನಲ್ಲಿಯೇ ಕೂದಲೆಳೆಯಂಥ ಒಂದು ಬಿರುಕು. ಬಾಗಿದ ತೋಳನ್ನು ಬಡಿದು ನೆಟ್ಟಗೆ ಮಾಡಿ, ಬಿರುಕಿಗೆ ಬೆಸುಗೆ ಹಾಕಿ, ಮೇಲೆ ಬಣ್ಣ ಬಳಿದು ತಿಪ್ಪೆ ಸಾರಿಸಿದ್ದರು.

ಮೇಸ್ತ್ರಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಬರಿಯ ಆಯಾಸ. ಬೋಲ್ಟು ಬಿಗಿದದ್ದು ಅವಸರದ ತಪ್ಪು, ಕ್ಷಮಿಸಬಹುದು. ಬಣ್ಣ ಅವಸರದಲ್ಲಿ ಬಳಿಯುವಂಥದಲ್ಲ. ಅದನ್ನು ಬಳಿಯುವವನಿಗೆ ತಾನೇನು ಮುಚ್ಚುತ್ತಿದ್ದೇನೆಂದು ಗೊತ್ತಿರುತ್ತದೆ. ಅವನು ಮೇಲೆ ಬಂದು ಕನ್ನಡಿ ಅಂಗಡಿಯವನನ್ನು ನೋಡಿದ.

"ಈ ತೋಳನ್ನ ಬದಲಾಯಿಸಬೇಕು ಅಂತ ನಿಮಗೆ ಅವನು ಹೇಳಲಿಲ್ವಾ?"

ಕನ್ನಡಿ ಅಂಗಡಿಯವನು ತಾಯಿಯ ಕಡೆಗೊಮ್ಮೆ, ನೆಲದ ಕಡೆಗೊಮ್ಮೆ ನೋಡಿದ. "ಹೇಳಿದ್ರು. ಎರಡು ಸಲ ಹೇಳಿದ್ರು. ನಾನೇ... ಸದ್ಯಕ್ಕೆ ರಿಪೇರಿ ಮಾಡಿ, ಬಣ್ಣ ಹೊಡೀರಿ ಸಾಕು ಅಂದೆ. ಆ ದುಡ್ಡಿಗೆ ಹೊಸ ಚಕ್ರ ಆರ್ಡರ್ ಮಾಡಿದ್ದೆ. ಬೆಳ್ಳಿ ಬಣ್ಣದ್ದು. ಕಾರು ಮೇಲೆ ಎದ್ರೆ ಹಳೇ ಚಕ್ರ ಸಪ್ಪೆ ಕಾಣತ್ತೆ ಅಂತ..."

"ಈ ತೋಳು ಏನು ಮಾಡತ್ತೆ?" ಎಂದಳು ತಾಯಿ. ಆಕೆಯ ಧ್ವನಿಯಲ್ಲಿ ತಮಾಷೆ ಇರಲಿಲ್ಲ.

"ಚಕ್ರನ್ನ ಹಿಡ್ಕೊಂಡಿರತ್ತೆ ಅಮ್ಮಾ."

"ಬಿಟ್ಟುಬಿಟ್ರೆ?"

ಮೇಸ್ತ್ರಿ ತನ್ನ ಅಂಗೈಯನ್ನು ನೆಟ್ಟಗೆ ಹಿಡಿದು, ಮೆಲ್ಲನೆ ಹೊರಕ್ಕೆ ಮಡಚಿ ತೋರಿಸಿದ.

ತಾಯಿ ಬೆಂಚಿನ ಮೇಲೆ ಕುಳಿತಳು. ಮಂಡಿಗಳನ್ನು ಎರಡೂ ಕೈಯಿಂದ ನೀವಿಕೊಂಡಳು. "ಚಕ್ರಕ್ಕೆ ಬೆಳ್ಳಿ. ಅಮ್ಮನ ಕಾಲಡೀಗೆ ಬಣ್ಣ," ಎಂದಳು, ಯಾರಿಗೂ ಅಲ್ಲದಂತೆ. ಆಮೇಲೆ ಮಗನ ಕಡೆಗೆ ತಿರುಗಿ, "ನಾನು ಅಷ್ಟು ಹುಡುಗರಿಗೆ ಬಡಿಸಿದೀನಿ ಕಣೋ. ಹಳಸಿದ್ದನ್ನ ಒಗ್ಗರಣೆ ಹಾಕಿ ಒಂದು ದಿನ ಬಡಿಸ್ಲಿಲ್ಲ. ಯಾರಿಗೂ ಗೊತ್ತಾಗ್ತಿರಲಿಲ್ಲ. ಹೊಟ್ಟೆಗೆ ಗೊತ್ತಾಗತ್ತೆ ಅಲ್ವಾ?" ಎಂದಳು.

ಮಗ ತಲೆಯೆತ್ತಲಿಲ್ಲ. "ಚಕ್ರ ಬೇಡ ಅಂತ ಹೇಳಿಬಿಡ್ತೀನಮ್ಮ," ಎಂದ.

"ಚಕ್ರ ಬೇಡ ಅಂದ್ರೆ ಹೇಗೆ ಓಡತ್ತೆ ಪೆದ್ದ? ಹಳೇದೇ ಇರಲಿ ಅನ್ನು."

ಹೊಸ ತೋಳು ಬರುವವರೆಗೆ ಕೆಂಪು ಕಾರು ಗುಂಡಿಯ ಮೇಲೆಯೇ ನಿಂತಿತ್ತು. ಮೇಸ್ತ್ರಿ ಎರಡೂ ಬದಿಗೆ ಹೊಸದನ್ನೇ ತರಿಸಿದ. ತಾಯಿ ಬಾಡಿಗೆ ಗಾಡಿಯಲ್ಲಿ ಆಸ್ಪತ್ರೆಗೆ ಹೋಗಿ ಬರುತ್ತ, ದಾರಿಯಲ್ಲಿ ಇಳಿದು, "ಎದ್ದನಾ ನನ್ನ ಮಗ?" ಎಂದು ಕಾರನ್ನೇ ಕೇಳಿಕೊಂಡು ಹೋಗುತ್ತಿದ್ದಳು. ಭಾವಮೈದುನ ಬರಲಿಲ್ಲ. ಜ್ವರವೆಂದು ಅಕ್ಕನಿಗೆ ಫೋನು ಮಾಡಿದ್ದ.

"ಜ್ವರನಾ?" ಎಂದು ಮೇಸ್ತ್ರಿ ಕೇಳಿದ.

"ಮೂಗಿನ ತುದೀಲಿ ಬಂದಿರೋ ಜ್ವರ," ಎಂದಳು ಹೆಂಡತಿ. ಸೂಜಿಗೆ ದಾರ ಪೋಣಿಸುತ್ತ, "ನೀವೂ ಎಲ್ಲರ ಮುಂದೆ ಹಾಗಂದ್ರಿ. ಅವನಿಗೂ ಹೆಂಡತಿ ಮಕ್ಕಳಿದಾರೆ, ಮನೇಲಿ ಬೀಗದ ಕೈ ಬರತ್ತೆ ಅಂತ ಹೇಳ್ಕೊಂಡಿದ್ದ," ಎಂದಳು.

"ಹೌದು," ಎಂದ ಮೇಸ್ತ್ರಿ.

ತೋಳುಗಳನ್ನು ಕೂಡಿಸುವ ಕೆಲಸಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು. ಮೊದಲೆಲ್ಲ ಒಂದು ಮಧ್ಯಾಹ್ನದಲ್ಲಿ ಆಗುತ್ತಿದ್ದುದು ಈಗ ಎರಡು ದಿನ ನುಂಗಿತು. ಬೋಲ್ಟುಗಳನ್ನು ಬೆರಳಿನಿಂದ ತಿರುಗಿಸಿ ಬಿಟ್ಟಿದ್ದ. ಕೊನೆಯ ಬಿಗಿತವೊಂದೇ ಬಾಕಿ. ಅದಕ್ಕೆ ಅವನದೊಂದು ಪದ್ಧತಿಯಿತ್ತು. ಕಾರು ನಿಂತಿದ್ದರೆ ಸಾಲದು. ದಿನವೂ ಅದರಲ್ಲಿ ಕೂರುವವರು ಕೂತಿರಬೇಕು. ಬರಿಯ ಕಾರಿನ ಭಾರಕ್ಕೆ ಬಿಗಿದದ್ದು ಬರಿಯ ಕಾರಿಗೆ ಸರಿ. ಮನುಷ್ಯರ ಭಾರಕ್ಕೆ ಬಿಗಿದದ್ದು ಮನುಷ್ಯರಿಗೆ. ಬೇರೆ ಮೇಸ್ತ್ರಿಗಳು ಇದನ್ನು ಕೇಳಿ ನಗುತ್ತಿದ್ದರು. ಅವನು ವಾದಿಸಲು ಹೋಗಿರಲಿಲ್ಲ.

ಹಾಗೆ ಒಂದು ಸಂಜೆ ತಾಯಿ ಮುಂದಿನ ಸೀಟಿನಲ್ಲಿ ಬಂದು ಕುಳಿತಳು. ಓಡಿಸುವವನ ಸೀಟಿನಲ್ಲಿ ಮಗ ಕೂರಬೇಕಾಗಿತ್ತು. ಆದರೆ ಕೊನೆಯ ಬಿಗಿತಕ್ಕೆ ಬೇಕಾದ ಬಲ ಮೇಸ್ತ್ರಿಯ ಭುಜದಲ್ಲಿ ಉಳಿದಿರಲಿಲ್ಲ. "ನೀವು ಕೆಳಗೆ ಬನ್ನಿ," ಎಂದು ಅವನು ಕನ್ನಡಿ ಅಂಗಡಿಯವನನ್ನು ಗುಂಡಿಗೆ ಕರೆದ. ಮಹಡಿಯತ್ತ ಮುಖವೆತ್ತಿ ಹೆಂಡತಿಯನ್ನು ಕೂಗಿದ. ಅವಳು ಅಂಚು ಹೊಲಿಯುತ್ತಿದ್ದ ಯಾರದೋ ಲಂಗವನ್ನು ಕೈಯಲ್ಲಿ ಹಿಡಿದುಕೊಂಡೇ ಇಳಿದು ಬಂದು, ಸ್ಟಿಯರಿಂಗಿನ ಹಿಂದೆ ಕುಳಿತು, ಹೊಲಿಗೆ ಮುಂದುವರಿಸಿದಳು.

"ನಿಮ್ಮ ಯಜಮಾನ್ರು ನಮ್ಮಿಬ್ಬರನ್ನೂ ತೂಕದ ಕಲ್ಲು ಮಾಡಿಬಿಟ್ರಲ್ಲಮ್ಮ," ಎಂದಳು ತಾಯಿ.

"ನನಗೆ ಅಭ್ಯಾಸ. ನಮ್ಮ ಸ್ವಂತ ಕಾರಿಲ್ಲ ನೋಡಿ, ಊರವರ ಕಾರಲ್ಲೆಲ್ಲ ಕೂತಿದೀನಿ. ಒಂದೂ ಮುಂದಕ್ಕೆ ಹೋಗಿಲ್ಲ."

ಮೇಲೆ ಇಬ್ಬರೂ ನಕ್ಕಾಗ ಕಾರು ಅಲುಗಿತು. "ಅಲ್ಲಾಡಬೇಡ್ರೇ," ಎಂದು ಗುಂಡಿಯಿಂದ ಮೇಸ್ತ್ರಿ ಹೇಳಿದ. ಅವನು ದೀಪ ಹಿಡಿದಿದ್ದ. ಕನ್ನಡಿ ಅಂಗಡಿಯವನು ಉದ್ದ ಹಿಡಿಯ ಪಾನಕ್ಕೆ ಜೋತುಬಿದ್ದಿದ್ದ. ಅವನ ಕಿವಿಯ ಮೇಲೆ ಗ್ರೀಸು, ಅಂಗಿಯ ಕಾಲರಿನಲ್ಲಿ ಜೇಡರ ಬಲೆ. ಬೋಲ್ಟು ಜಗ್ಗಲಿಲ್ಲ. ಇನ್ನೊಮ್ಮೆ ಎಳೆದ, ಪಾನ ಜಾರಿ ಗೋಡೆಗೆ ಬಡಿಯಿತು.

ಶಟರಿನ ಬಳಿ ಯಾರೋ ನಿಂತಂತಾಯಿತು. ಭಾವಮೈದುನ ಹೆಲ್ಮೆಟ್ಟಿಗಾಗಿ ಬಂದಿದ್ದ. ಮೊಳೆಯಿಂದ ಅದನ್ನು ತೆಗೆದುಕೊಂಡ. ಹೊರಡಬೇಕಾಗಿತ್ತು, ಹೊರಡಲಿಲ್ಲ. ಕಾರಿನೊಳಗೆ ಅಕ್ಕ, ಅಕ್ಕನ ಪಕ್ಕದಲ್ಲಿ ಆ ತಾಯಿ, ಗೋಡೆಗೆ ಒರಗಿಸಿಟ್ಟಿದ್ದ ಬಣ್ಣ ಕರಗಿದ ಹಳೆಯ ತೋಳು: ಎಲ್ಲವನ್ನೂ ಒಂದೊಂದಾಗಿ ನೋಡಿದ. ತೋಳಿನ ಮೇಲೆ ಅವನ ಕಣ್ಣು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಕ್ಕ ಸೂಜಿಯಿಂದ ಕಣ್ಣೆತ್ತದೆಯೇ, "ಜ್ವರ ಬಿಡ್ತೇನೋ?" ಎಂದಳು.

ಗುಂಡಿಯಲ್ಲಿ ಪಾನ ಎರಡನೆಯ ಸಲ ಜಾರಿತು.

"ಹಾಗಲ್ಲ ಸಾರ್! ಪಾನ ಉಲ್ಟಾ ಹಿಡಿದಿದೀರ. ಬೆರಳು ಹೋಗತ್ತೆ," ಎಂದು ಅವನು ಗುಂಡಿಯತ್ತ ಬಗ್ಗಿ, ತಡೆಯಲಾರದೆ ಕೂಗಿದ. ಹೆಲ್ಮೆಟ್ಟನ್ನು ಬೆಂಚಿನ ಮೇಲಿಟ್ಟು ಮೆಟ್ಟಿಲಿಳಿದು ಬಂದ. ಮೂವರಿಗೆ ಗುಂಡಿ ಇಕ್ಕಟ್ಟು. ಕನ್ನಡಿ ಅಂಗಡಿಯವನು ಬದಿಗೆ ಒತ್ತರಿಸಿ ನಿಂತ. ಭಾವಮೈದುನ ಭಾವನ ಮುಖ ನೋಡಲಿಲ್ಲ, ಭಾವನೂ ಅವನ ಮುಖ ನೋಡಲಿಲ್ಲ. ದೀಪವನ್ನು ಮಾತ್ರ ಸ್ವಲ್ಪ ಎಡಕ್ಕೆ ಸರಿಸಿ, ಅವನಿಗೆ ಬೇಕಾದ ಕಡೆ ಹಿಡಿದ.

"ಯಾವುದು ಮೊದಲು?" ಎಂದು ಭಾವಮೈದುನ ಬೋಲ್ಟನ್ನು ಕೇಳಿದಂತೆ ಕೇಳಿದ.

"ಒಳಗಿಂದು."

ಅವನು ಬಿಗಿದ. ಈ ಸಲ ಕಿರ್ರೆನ್ನಲಿಲ್ಲ. ರಬ್ಬರು ತಾನಿದ್ದ ಕಡೆಯೇ ಸಮಾಧಾನದಿಂದ ಕುಳಿತಿತು. ಒಂದಾದ ಮೇಲೊಂದು, ಹಿಂದಿನ ಚಕ್ರಗಳವರೆಗೆ. ಮೇಲೆ ತಾಯಿಯ ಮಾತು ಮುಂದುವರಿದಿತ್ತು: ಹಾಸ್ಟೆಲಿನ ಹುಡುಗರೊಬ್ಬೊಬ್ಬರೂ ಈಗ ಎಲ್ಲೆಲ್ಲಿ ಏನೇನಾಗಿದ್ದಾರೆ, ಯಾರಿಗೆ ತಲೆ ಬೋಳಾಗಿದೆ, ಯಾರು ಎದುರಾದರೂ ಗುರುತು ಹಿಡಿಯದವರಂತೆ ಹೋಗುತ್ತಾರೆ ಎಂದು.

ಕೊನೆಯ ಬೋಲ್ಟು ಮುಗಿದಾಗ ಭಾವಮೈದುನ ಕೈ ಒರೆಸಿಕೊಂಡು ಮೆಟ್ಟಿಲ ಮೇಲೆ ಕುಳಿತ. "ಆ ತೋಳಿನ ವಿಷಯ," ಎಂದ.

"ಅವರು ಬೇಕು ಅಂದ್ರು, ನೀನು ಮಾಡಿದೆ," ಎಂದ ಮೇಸ್ತ್ರಿ. "ಆಗೋದಿಲ್ಲ ಅಂತ ಹೇಳೋದೂ ಈ ಕೆಲಸದಲ್ಲೇ ಸೇರಿದೆ. ನಾನು ಅದನ್ನ ಕಲಿಸಲೇ ಇಲ್ಲ ಅನ್ಸತ್ತೆ. ಬರೀ ಬೋಲ್ಟು ಕಲಿಸಿದೆ."

"ಆಗೋದಿಲ್ಲ ಅಂದಿದ್ರೆ ಅವರು ಬೇರೆ ಗ್ಯಾರೇಜಿಗೆ ಹೋಗಿರೋರು ಭಾವ."

"ಹೋಗಿರೋರು."

ಗುಂಡಿಯ ಗೋಡೆಗೆ ಒರಗಿದ್ದ ಕನ್ನಡಿ ಅಂಗಡಿಯವನು ತನ್ನ ಕೈಯ ಗ್ರೀಸನ್ನೇ ನೋಡುತ್ತ, "ಹೋಗ್ತಿದ್ದೆ," ಎಂದ. ಸುಳ್ಳು ಹೇಳಲಿಲ್ಲವೆಂಬುದೊಂದೇ ಅಂದು ಅವನ ಪಾಲಿಗೆ ಹೇಳಬಹುದಾದ ಒಳ್ಳೆಯ ಮಾತು.

ಕಾರು ಹೊರಟಿತು. ಎತ್ತರ ಮೊದಲಿಗಿಂತ ಒಂದು ಬೆರಳು ಕಡಿಮೆ. ತಾಯಿ ಹತ್ತುವಾಗ ಬಾಗಿಲ ಚೌಕಟ್ಟು ಹಿಡಿದುಕೊಳ್ಳಬೇಕಾಯಿತು. "ಮಂಚ ಅಲ್ಲ, ಮಣೆ," ಎಂದಳು. "ಇರಲಿ, ಮಣೆ ಮೇಲೆ ಕೂತು ಬಿದ್ದವರು ಯಾರೂ ಇಲ್ಲ." ಬೀದಿಯ ರಸ್ತೆಯುಬ್ಬನ್ನು ಕಾರು ಸದ್ದಿಲ್ಲದೆ ಹತ್ತಿ ಇಳಿದುದನ್ನು ಮೇಸ್ತ್ರಿ ನಿಂತು ನೋಡಿದ. ಹಳೆಯ ಚಕ್ರಗಳು ನಿಜಕ್ಕೂ ಸಪ್ಪೆಯಾಗಿ ಕಾಣುತ್ತಿದ್ದವು.

ಭಾವಮೈದುನ ಹಲಗೆಯೊಂದನ್ನು ಎತ್ತಿಕೊಂಡು ಗುಂಡಿಯ ಕಡೆ ಬಂದ.

"ಮುಚ್ಚಬೇಡ. ತೆರೆದೇ ಇರಲಿ," ಎಂದ ಮೇಸ್ತ್ರಿ.

ಅವನು ಹಲಗೆಯನ್ನು ಗೋಡೆಗೆ ಒರಗಿಸಿದ. ಹೆಲ್ಮೆಟ್ಟು ಕೈಗೆತ್ತಿಕೊಂಡು, ಮೇಸ್ತ್ರಿಯ ಜೇಬಿನ ಕಡೆ ಒಂದು ಕ್ಷಣ ಮಾತ್ರ ನೋಡಿ, ಕಣ್ಣು ತೆಗೆದ. "ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬರ್ಲಿ?"

"ಯಾವಾಗಲೂ ಬರೋ ಹೊತ್ತಿಗೆ. ನಾನೇ ತೆಗೆದಿರ್ತೀನಿ."

ಅವನು ಹೆಲ್ಮೆಟ್ಟು ತೊಟ್ಟು ಹೊರಟ. ಮೇಸ್ತ್ರಿ ಎಡಗೈಯಿಂದ ಶಟರನ್ನು ಎಳೆಯಲು ನೋಡಿದ; ಅದು ಅರ್ಧಕ್ಕೆ ಬಂದು ನಿಂತಿತು. ಹೆಂಡತಿ ಲಂಗವನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಉಳಿದರ್ಧ ಎಳೆದಳು. ಅವನು ಬಗ್ಗಿ ಬೀಗ ಹಾಕಿ, ಬೀಗದ ಕೈಯನ್ನು ಎಂದಿನ ಜೇಬಿನಲ್ಲಿಯೇ ಇಟ್ಟುಕೊಂಡ. ಅದರ ಭಾರಕ್ಕೆ ಜೇಬು ಎಂದಿನಷ್ಟೇ ಜೋತಿತು.

"ಕೊಡಲಿಲ್ವಾ?"

"ಇಲ್ಲ."

"ಇನ್ನೆಷ್ಟು ದಿನ?"

"ಗೊತ್ತಿಲ್ಲ ಕಣೇ."

ಅವಳು ಮೆಟ್ಟಿಲು ಹತ್ತುತ್ತ, ಹಿಂದೆ ನಿಧಾನವಾಗಿ ಬರುತ್ತಿದ್ದ ಅವನಿಗಾಗಿ ನಡುವೆ ನಿಂತಳು. "ಬಿಸಿನೀರು ಇಡ್ಲಾ?"

"ಇಡು," ಎಂದ ಮೇಸ್ತ್ರಿ.